ಲಿಗ್ನೈಟ್ ಕರಗಿದ್ದು ಯಾವುದರಿಂದ?

ತಮಿಳುನಾಡಿನ ನೆಯ್ವೇಲಿ ಗಣಿಯ ಲಿಗ್ನೈಟ್ ಹೆಂಟೆಯನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಅದನ್ನು ಕಲ್ಲಿದ್ದಲೆಂದು ನಂಬುವುದು ಕಷ್ಟ. ತೂಕದ ಸುಮಾರು ಅರ್ಧದಷ್ಟು ನೀರನ್ನೇ ಹಿಡಿದಿಟ್ಟುಕೊಂಡ ಆ ಕಂದು ಪದಾರ್ಥದಲ್ಲಿ ಅಲ್ಲಲ್ಲಿ ಮರದ ಎಳೆ ಇನ್ನೂ ಕಾಣುತ್ತದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನಿನ ಗುರುತು ಅಳಿಯದೆ ಉಳಿದಿರುವುದರಿಂದಲೇ, ಮರ ಕೊಳೆಸುವ ಅಣಬೆಗಳ ಕಿಣ್ವಗಳು ಇದನ್ನೂ ಒಡೆಯಬಹುದೆಂಬ ಆಸೆ ಹುಟ್ಟಿತು. 1982ರಲ್ಲಿ ಅಮೆರಿಕದ ಕೊಹೆನ್ ಮತ್ತು ಗೇಬ್ರಿಯೆಲ್ ಅವರು ಲಿಗ್ನೈಟಿನ ಮೇಲೆ ಅಣಬೆ ಬೆಳೆಸಿ, ಕಪ್ಪು ದ್ರವದ ಹನಿಗಳು ಒಸರಿದ್ದನ್ನು ವರದಿ ಮಾಡಿದ್ದರು.

ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಬಳಸುತ್ತಿದ್ದುದು ಇಂಥ ಅಣಬೆಗಳಲ್ಲಿರುವ ಲ್ಯಾಕೇಸ್ ಎಂಬ ಕಿಣ್ವ. ಲಿಗ್ನೈಟಿನ ದೊಡ್ಡ ಅಣುಗಳು ತಟಸ್ಥ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅವನ್ನು ಕರಗಿಸುವ ಡಯಾಕ್ಸೇನಿನಂಥ ದ್ರಾವಕವೋ, ಹೆಚ್ಚಾದರೆ ಕಿಣ್ವವನ್ನು ಸುತ್ತಿರುವ ನೀರಿನ ತೆಳು ಪದರವನ್ನೇ ಕಿತ್ತುಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಇವೆರಡರ ನಡುವಿನ ಹದ ಹುಡುಕುವುದೇ ನನ್ನ ಕೆಲಸವಾಗಿತ್ತು.

ಆ ದಿನ ಬೆಳಿಗ್ಗೆ ಫ್ಯೂಮ್ ಹುಡ್‌ನೊಳಗೆ ಡಯಾಕ್ಸೇನನ್ನು ಅಲ್ಯುಮಿನಾ ತುಂಬಿದ ಗಾಜಿನ ಕೊಳವೆಯ ಮೂಲಕ ಹನಿಹನಿಯಾಗಿ ಇಳಿಸಿದೆ. ತೆರೆದಿಟ್ಟ ಡಯಾಕ್ಸೇನಿನಲ್ಲಿ ಪೆರಾಕ್ಸೈಡ್ ಸೇರಿಕೊಳ್ಳುತ್ತದೆ. ಅದನ್ನು ತೆಗೆಯದಿದ್ದರೆ ಅದೇ ಲಿಗ್ನೈಟನ್ನು ಉತ್ಕರ್ಷಿಸಿ (ಆಕ್ಸಿಡೀಕರಿಸಿ), ಕೀರ್ತಿ ಮಾತ್ರ ಕಿಣ್ವಕ್ಕೆ ಸಲ್ಲುತ್ತದೆ. ಒಂದು ಫ್ಲಾಸ್ಕಿಗೆ ಸಕ್ರಿಯ ಕಿಣ್ವ, ಇನ್ನೊಂದಕ್ಕೆ ಕುದಿಸಿ ನಿಷ್ಕ್ರಿಯಗೊಳಿಸಿದ ಕಿಣ್ವ ಹಾಕಿ, ಮೂರನೆಯದರಲ್ಲಿ ಬರೀ ದ್ರಾವಕ ಮತ್ತು ಆಮ್ಲೀಯತೆಯನ್ನು ಸ್ಥಿರವಾಗಿಡುವ ಬಫರ್ ದ್ರಾವಣ ಇಟ್ಟು, ಎಲ್ಲಕ್ಕೂ ಒಂದೇ ತೂಕದ ಪುಡಿ ಸೇರಿಸಿ ಶೇಕರ್ ಮೇಲಿಟ್ಟೆ.

ಸಂಜೆ ಸೋಸಿ ನೋಡಿದರೆ ಮೂರೂ ಗಾಢ ಚಹಾದ ಬಣ್ಣಕ್ಕೆ ತಿರುಗಿದ್ದವು. "ಬಣ್ಣ ನೋಡಿ ಫಲಿತಾಂಶ ಬರೆಯಬೇಡಿ, ಮೂರನೆಯದರ ಅಳತೆಯನ್ನು ಮೊದಲು ಕಳೆಯಿರಿ" ಎಂದರು ಮೇಡಂ. 450 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಅಳೆದಾಗ ಬಣ್ಣದ ಬಹುಪಾಲು ದ್ರಾವಕದ್ದೇ ಎಂಬುದು ಖಚಿತವಾಯಿತು. ಸಕ್ರಿಯ ಕಿಣ್ವದ ಫ್ಲಾಸ್ಕಿನಲ್ಲಿ ಸ್ವಲ್ಪವೇ ಹೆಚ್ಚಿತ್ತು. ಆ ಹೆಚ್ಚಳವೂ ಒಡೆದ ತುಂಡುಗಳದ್ದೆಂದು ಹೇಳುವಂತಿರಲಿಲ್ಲ, ಏಕೆಂದರೆ ಲ್ಯಾಕೇಸ್ ಫಿನಾಲಿಕ್ ಅಣುಗಳನ್ನು ಒಡೆಯುವುದಷ್ಟೇ ಅಲ್ಲ, ಒಂದಕ್ಕೊಂದು ಬೆಸೆಯಲೂ ಬಲ್ಲದು. ದ್ರವವನ್ನು, ದೊಡ್ಡ ಅಣುಗಳನ್ನು ಮೊದಲು ಹೊರಬಿಡುವ ಜೆಲ್ ಕಾಲಮ್ಮಿನಲ್ಲಿ ಹರಿಸಿದಾಗ ಹೆಚ್ಚುವರಿ ಬಣ್ಣ ಬೇಗನೆ ಹೊರಬಂದಿತು. ಅಂದರೆ ಅದು ದೊಡ್ಡ ಅಣುಗಳದು.

ನನಗೆ ಬೇಸರವಾಯಿತೆನ್ನುವುದಕ್ಕಿಂತ ಕೆಲಸದ ದಾರಿ ಸ್ಪಷ್ಟವಾಯಿತೆನ್ನಬೇಕು. ಕಿಣ್ವದ ಹೆಸರಿನಲ್ಲಿ ಬರುವ ಎಷ್ಟೋ ಕಂದು ದ್ರವಗಳ ಬಗ್ಗೆ, ಕರಗಿಸಿದ್ದು ಕಿಣ್ವವೋ ದ್ರಾವಕವೋ ಎಂಬ ಇದೇ ಪ್ರಶ್ನೆ ಕೇಳಬೇಕೆಂದು ಇಂದಿಗೂ ನನ್ನ ಅಭಿಪ್ರಾಯ. ಮುಂದಿನ ಸುತ್ತಿಗೆ ಡಯಾಕ್ಸೇನಿನ ಪ್ರಮಾಣ ಇಳಿಸಿದೆವು. ಉತ್ಕರ್ಷಿತ ಲಿಗ್ನೈಟ್ ಕಿಣ್ವಕ್ಕೆ ಸುಲಭವಾಗಿ ಮಣಿಯುವುದರಿಂದ ಪುಡಿಯನ್ನು ಮೊದಲೇ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಆಮ್ಲದ ಪಾಲನ್ನು ಬೇರೆ ಅಳೆಯಲು ನಾಲ್ಕನೆಯ ಫ್ಲಾಸ್ಕನ್ನೂ ಸೇರಿಸಿಕೊಂಡೆವು.