ಚಾರ್ಲ್ಸ್ ನದಿಯಲ್ಲ, ಚಾರ್ಲ್ಸ್ ಕೆರೆ

ಬೇಸಿಗೆಯ ಸಂಜೆ ಬಾಸ್ಟನ್ ನಗರದ ಚಾರ್ಲ್ಸ್ ನದಿ ದಂಡೆಯಲ್ಲಿ ನಿಂತರೆ ನೀರಿನ ತುಂಬ ಬಿಳಿ ಹಾಯಿ. ಹತ್ತು ಹನ್ನೆರಡು ವರ್ಷದ ಮಕ್ಕಳೂ ಚುಕ್ಕಾಣಿ ಹಿಡಿದು ಕೂತಿರುತ್ತಾರೆ. ತುಮಕೂರಿನಿಂದ ಮಕ್ಕಳ ಮನೆಗೆ ಬಂದಿಳಿದ ಹಿರಿಯರು ಮೊದಲು ಕೇಳುವುದು, ‘ಹರಿಯೋ ನದಿಗೆ ಹುಡುಗರನ್ನ ಹೀಗೆ ಬಿಡ್ತಾರಾ?’ ಅಂತ.

ಇಲ್ಲಿ ಅದು ಹರಿಯುವುದು ಕಣ್ಣಿಗೆ ಕಾಣದಷ್ಟು. 1910ರಲ್ಲಿ ನದಿ ಕಡಲು ಸೇರುವ ಕಡೆ ಅಣೆಕಟ್ಟು ಕಟ್ಟಿದರು. ಅದಕ್ಕೆ ಮುಂಚೆ ಉಬ್ಬರ ಬಂದಾಗ ಉಪ್ಪುನೀರು ಒಳನುಗ್ಗುತ್ತಿತ್ತು. ಇಳಿತದಲ್ಲಿ ಬರೀ ಕೆಸರು, ಮೂಗು ಮುಚ್ಚುವಂಥ ನಾತ. ಅಣೆ ಬಂದ ಮೇಲೆ ಮಟ್ಟ ಹೆಚ್ಚು ಏರಿಳಿಯದ ಸಿಹಿನೀರು ನಿಂತಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಏರಿ ಕಟ್ಟಿ ಕೆರೆ ಮಾಡಿದರು. ಮಕ್ಕಳ ಹಾಯಿದೋಣಿಯ ಕತೆಗೆ ಆ ಏರಿಯೇ ತಳಪಾಯ.

1936ರ ಹೊತ್ತಿಗೆ ಜೋಸೆಫ್ ಲೀ ಜೂನಿಯರ್ ಎಂಬುವರು ವೆಸ್ಟ್ ಎಂಡ್ ಬಡಾವಣೆಯ ಬಡ ಮನೆಗಳ ಹುಡುಗರನ್ನು ಸೇರಿಸಿ, ಅವರ ಕೈಯಿಂದಲೇ ದೋಣಿ ಮಾಡಿಸಿ, ಈ ನೀರಿಗಿಳಿಸಿದರು. ಅವರ ತಂದೆ ಜೋಸೆಫ್ ಲೀ ಅಮೆರಿಕದಲ್ಲಿ ಮಕ್ಕಳ ಆಟದ ಮೈದಾನಗಳ ಚಳವಳಿಗೆ ಹೆಸರಾದವರು. ಅದೇ ಸುಮಾರಿಗೆ ಎದುರು ದಂಡೆಯಲ್ಲಿ ಎಂಐಟಿ ವಿಶ್ವವಿದ್ಯಾಲಯ ಕೂಡ ತನ್ನ ವಿದ್ಯಾರ್ಥಿಗಳಿಗೆ ಹಾಯಿದೋಣಿ ಕಟ್ಟೆ ಮಾಡಿತು. 1941ರಲ್ಲಿ ಹುಡುಗರಿಗೂ ಸೂರಿರುವ ದೋಣಿಕಟ್ಟೆಯಾಯಿತು, 1946ರಲ್ಲಿ ಕಮ್ಯುನಿಟಿ ಬೋಟಿಂಗ್ ಎಂಬ ಸಂಸ್ಥೆ ನೋಂದಣಿಯಾಯಿತು. ದಶಕಗಳ ಕಾಲ ಮಕ್ಕಳಿಗೆ ಬೇಸಿಗೆಯಿಡೀ ಶುಲ್ಕ 1 ಡಾಲರ್.

ದಂಡೆಯ ಉದ್ಯಾನಕ್ಕೆ 10 ಲಕ್ಷ ಡಾಲರ್ ಕೊಟ್ಟವರು ಹೆಲೆನ್ ಸ್ಟೋರೋ. ಅಣೆಕಟ್ಟಿಗಾಗಿ ಹೋರಾಡಿದ ಗಂಡ ಜೇಮ್ಸ್ ಅವರ ನೆನಪಿಗೆ ಕೊಟ್ಟದ್ದು. ಅಲ್ಲಿ ಹೆದ್ದಾರಿ ಬೇಡವೆಂದು ಆಕೆ ಎದುರು ನಿಂತಿದ್ದರು. 1944ರಲ್ಲಿ ತೀರಿಕೊಂಡರು, 1951ರಲ್ಲಿ ಅದೇ ದಂಡೆಯಲ್ಲಿ ಹೆದ್ದಾರಿ ತೆರೆಯಿತು, ಹೆಸರು ಸ್ಟೋರೋ ಡ್ರೈವ್! ವೆಸ್ಟ್ ಎಂಡ್ ಬಡಾವಣೆಯನ್ನೂ 1950ರ ದಶಕದ ಕೊನೆಯಲ್ಲಿ ‘ನಗರ ನವೀಕರಣ’ದ ಹೆಸರಿನಲ್ಲಿ ನೆಲಸಮ ಮಾಡಿದರು. ಯಾರ ಮಕ್ಕಳಿಗಾಗಿ ಶುರುವಾಯಿತೋ ಅವರ ಮನೆಗಳೇ ಹೋದವು, ದೋಣಿಕಟ್ಟೆ ಉಳಿಯಿತು. ಈಗ ರಸ್ತೆ ಮೇಲಿನ ಕಾಲುಸೇತುವೆ ಹತ್ತಿಳಿದು ನೀರಿಗೆ ಹೋಗಬೇಕು.

ಅಲ್ಲಿನ ಕ್ರಮ ಸರಳ, ಆದರೆ ಬಿಗಿ. ಮೊದಲು ಈಜು ಪರೀಕ್ಷೆ. ಅದಾದ ಮೇಲೆ ದಡದಲ್ಲೇ ಹಾಯಿ ಕಟ್ಟುವುದು, ಗಂಟು ಹಾಕುವುದು. ಹಂತಹಂತವಾಗಿ ಅರ್ಹತೆ ಕೊಡುತ್ತಾರೆ. ಕಟ್ಟಡದ ಮೇಲೆ ಗಾಳಿಗೆ ತಕ್ಕ ಬಾವುಟ: ಹಸಿರು, ಹಳದಿ, ಕೆಂಪು. ಯಾವ ಬಾವುಟಕ್ಕೆ ಯಾರು ಹೋಗಬಹುದೆಂಬುದು ಅವರವರ ಅರ್ಹತೆ ನೋಡಿ ತೀರ್ಮಾನ. ಮುಂದೆ ಕಲಿತವರು ಹಿಂದೆ ಬಂದವರಿಗೆ ಹೇಳಿಕೊಡುತ್ತಾರೆ. ಖರ್ಚು ಹಿಡಿತದಲ್ಲಿ ಉಳಿದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಜಗತ್ತಿನ ಹೆಚ್ಚು ಕಡೆ ಮಕ್ಕಳು ಕಲಿಯುವ ದೋಣಿ ಮಾತ್ರ ಬೇರೆ, ಆಪ್ಟಿಮಿಸ್ಟ್. 1947ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಅದನ್ನು ರೂಪಿಸಿದರು. ಮೇಜರ್ ಕ್ಲಿಫರ್ಡ್ ಮೆಕೇ ಕೇಳಿದ್ದು 50 ಡಾಲರ್ ಒಳಗೆ ಮುಗಿಯುವ ದೋಣಿ. 8 ಅಡಿ ಉದ್ದ, 4 ಅಡಿ ಅಗಲದ ಎರಡು ಪ್ಲೈವುಡ್ ಹಲಗೆಯಲ್ಲಿ ಎಲ್ಲ ಆಗಬೇಕು. ಅದಕ್ಕೇ ಮೂತಿ ಚೂಪಿಲ್ಲ, ಚಪ್ಪಟೆ. ಉದ್ದ 2.36 ಮೀಟರ್, ಬರೀ ಒಡಲಿನ ತೂಕ 35 ಕಿಲೊ. ಇಬ್ಬರು ಹುಡುಗರು ಎತ್ತಿಕೊಂಡು ಹೋಗಬಹುದು. ಈಗ ಫೈಬರ್‌ಗ್ಲಾಸ್‌ನದು. 15 ತುಂಬುವ ವರ್ಷದ ಡಿಸೆಂಬರ್ ಕೊನೆಯವರೆಗೆ ಸ್ಪರ್ಧೆಗೆ ಅವಕಾಶ.

ಇದರ ಹಾಯಿಯ ಹಿಂದಿನ ಮೇಲಿನ ಮೂಲೆಯನ್ನು ಎತ್ತಿ ಹಿಡಿಯುವುದು ಸ್ಪ್ರಿಟ್ ಎಂಬ ಓರೆಕೋಲು. ಹೊಸಬರು ಎಡವುವುದು ಇಲ್ಲೇ. ಹಾಯಿಗಂಬದ ತುದಿಯಿಂದ ಹಾಯಿಯ ಹಿಂದಿನ ಕೆಳಮೂಲೆಗೆ ಸುಕ್ಕು ಬಿದ್ದಿದ್ದರೆ ಕೋಲು ಸಡಿಲ. ಮೇಲಿನ ಮೂಲೆಯಿಂದ ಕಂಬದ ಬುಡಕ್ಕೆ ಬಿದ್ದಿದ್ದರೆ ಅತಿ ಬಿಗಿ. ಹಾಯಿಯನ್ನು ದಾರಗಳಿಂದ ಕಂಬಕ್ಕೆ ಕಟ್ಟಿದಾಗ ಎರಡರ ನಡುವೆ 10 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಇನ್ನು ನೀರು ಮೊಗೆಯುವ ಡಬ್ಬಿ, ದೋಣಿಯ ನಡುವೆ ನೀರೊಳಕ್ಕೆ ಇಳಿಸುವ ಹಲಗೆ ಅಂದರೆ ಡ್ಯಾಗರ್ ಬೋರ್ಡು, ಎರಡನ್ನೂ ದಾರ ಹಾಕಿ ಕಟ್ಟಲೇಬೇಕು. ದೋಣಿ ಮಗುಚಿದಾಗ ಆ ಹಲಗೆಯ ಮೇಲೆ ಭಾರ ಹಾಕಿಯೇ ಮತ್ತೆ ಎತ್ತುವುದು. ಅದು ಜಾರಿಹೋದರೆ ಹಿಡಿಯಲು ಏನೂ ಇಲ್ಲ.

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಹಾಯಿ ಅರ್ಥವಾಗುವುದು ಕಷ್ಟವಲ್ಲ. ಹಾಯಿಯ ಹಗ್ಗ ಬಿಡುತ್ತಾ ಹೋಗಿ, ಕಂಬದ ಪಕ್ಕ ಹಾಯಿ ಪಟಪಟ ಅನ್ನುತ್ತದೆ. ಆ ಸದ್ದು ನಿಲ್ಲುವಷ್ಟು ಎಳೆಯಿರಿ, ಸಾಕು. ಹೆದರಿದ ಮಗು ಹಗ್ಗವನ್ನು ಎದೆಗೆ ಎಳೆದುಕೊಳ್ಳುತ್ತದೆ, ಗಾಳಿಯ ಒಂದು ಹೊಡೆತಕ್ಕೆ ದೋಣಿ ವಾಲುತ್ತದೆ. ಮೊದಲ ದಿನದ ಪಾಠವೇ ‘ಭಯವಾದರೆ ಹಗ್ಗ ಬಿಡು’. ಗಾಳಿಗೆ ನೇರ ಎದುರು ಹೋಗಲು ಆಗದು. ಎರಡೂ ಕಡೆ ಸುಮಾರು 45 ಡಿಗ್ರಿ ಬಿಟ್ಟು, ಘಾಟಿ ರಸ್ತೆ ಹತ್ತುವ ಹಾಗೆ ಅಡ್ಡಡ್ಡ ತಿರುಗುತ್ತಾ ಏರಬೇಕು.

ನಮ್ಮ ತುಮಕೂರು ಜಿಲ್ಲೆಯ ಕೆರೆಗಳಲ್ಲಿ ಇದು ಆಗುತ್ತದೆಯೇ? ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುತ್ತಾರೆ, ಹಾಗಾಗಿ ಬಯಲುಸೀಮೆಯ ನೀರಿಗೆ ಇದು ಒಗ್ಗದ್ದೇನಲ್ಲ. ತೊಡಕು ಕಾಲದ್ದು. ಗಾಳಿ ಜೋರಿರುವುದು ಜೂನ್‌ನಿಂದ ಆಗಸ್ಟ್, ಆಗ ಕೆರೆ ತಳ ಕಂಡಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಕೆರೆ ತುಂಬುವ ಹೊತ್ತಿಗೆ ಆಷಾಢದ ಗಾಳಿ ಮುಗಿದಿರುತ್ತದೆ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬರುತ್ತದೆ ನಿಜ, ಆದರೆ ಅದು ತುಮಕೂರು ಕುಡಿಯುವ ನೀರು, ಅಲ್ಲಿ ಆಟ ಬೇಡ. ಅಮಾನಿಕೆರೆಯಂಥ ಊರ ಕೆರೆಯಲ್ಲೇ ನೀರು ನೋಡಿಕೊಂಡು ದಿನ ಹೊಂದಿಸಿಕೊಳ್ಳಬೇಕು.

ದೋಣಿಕಟ್ಟೆಯನ್ನು ಏರಿ ಮೇಲೆ ಮಾಡಬಾರದು. ಪಡುವಣ ಗಾಳಿ ಏರಿ ಕಡೆಯಿಂದ ಬಂದರೆ ಅದರ ಬುಡದಲ್ಲಿ ಗಾಳಿ ಸತ್ತಿರುತ್ತದೆ; ಏರಿ ಕಡೆಗೆ ಬೀಸಿದರೆ ದೋಣಿ ಹೋಗಿ ಕಲ್ಲಿನ ಹಾಸಿಗೆ ಬಡಿಯುತ್ತದೆ. ಪಕ್ಕದ ಇಳಿಜಾರು ದಡವೇ ವಾಸಿ. ತೂಬು, ಕೋಡಿ ಎರಡರಿಂದಲೂ ದೂರ. ಮೀನಿನ ಗುತ್ತಿಗೆ ಇರುವ ಕೆರೆಯಾದರೆ ಬಲೆ ಎಲ್ಲಿ ಬಿಟ್ಟಿದ್ದಾರೆಂದು ಮೊದಲು ಕೇಳಿಕೊಳ್ಳಬೇಕು, ನೀರೊಳಗಿನ ಹಲಗೆ ಅದಕ್ಕೇ ಸಿಕ್ಕಿಕೊಳ್ಳುವುದು. ಮಣ್ಣು ತೆಗೆದ ಗುಂಡಿಗಳು ಮೇಲಿಂದ ಕಾಣವು, ಆದ್ದರಿಂದ ಮೊಣಕಾಲು ನೀರಿದ್ದರೂ ಲೈಫ್ ಜಾಕೆಟ್ ತೆಗೆಯುವಂತಿಲ್ಲ.

ಆಳ ಎಷ್ಟು ಬೇಕು? ಹಲಗೆ ಪೂರ್ತಿ ಇಳಿಸಿದಾಗ ಆಪ್ಟಿಮಿಸ್ಟ್‌ಗೆ ಬೇಕಾದದ್ದು ಸುಮಾರು 85 ಸೆಂಟಿಮೀಟರ್. ಆದರೆ ಹಾಯಿಗಂಬ 2 ಮೀಟರಿಗಿಂತ ಉದ್ದ. ಒಂದೂವರೆ ಮೀಟರ್ ನೀರಿನಲ್ಲಿ ದೋಣಿ ಬೋರಲಾದರೆ ಕಂಬದ ತುದಿ ಹೂಳಿಗೆ ನಾಟುತ್ತದೆ. ಆಗ ಹಲಗೆ ಮೇಲೆ ಕುಣಿದರೆ ಕಂಬ ಬಾಗುತ್ತದೆ, ದೋಣಿ ಏಳುವುದಿಲ್ಲ. ಇನ್ನೊಂದು ದೋಣಿ ಬಂದು, ನಾಟಿದ ದಿಕ್ಕಿಗೆ ಉಲ್ಟಾ, ಮೆಲ್ಲಗೆ ಎಳೆದು ತುದಿ ಬಿಡಿಸಿದ ಮೇಲೆಯೇ ದೋಣಿಯನ್ನು ನೆಟ್ಟಗೆ ಮಾಡಬೇಕು.