ನಮ್ಮ ಯೂನಿಟ್‌ನ ಪ್ರಶ್ನೆ ಪುಸ್ತಕ

ವೈದ್ಯಕೀಯ ಸ್ನಾತಕೋತ್ತರ ಓದಿಗೆ (ಪಿಜಿಗೆ) ಸೇರಿದ ಹೊಸದರಲ್ಲಿ, ರೋಗಿಗಳನ್ನು ನೋಡುತ್ತಾ ವಾರ್ಡ್ ಸುತ್ತುವ ರೌಂಡ್ಸ್‌ನಲ್ಲಿ ಉತ್ತರ ಬರದಿದ್ದರೆ ಎಲ್ಲ ಸೀನಿಯರ್‌ಗಳ ಬಾಯಲ್ಲೂ ಒಂದೇ ಮಾತು: "ಓದ್ಕೊಂಡು ಬಾ." ಏನನ್ನು, ಎಲ್ಲಿಂದ, ಎಷ್ಟು ಎಂದು ಯಾರೂ ಹೇಳುತ್ತಿರಲಿಲ್ಲ. ರಾತ್ರಿ ದಪ್ಪ ಪುಸ್ತಕ ಬಿಡಿಸಿಕೊಂಡು, ಎರಡನೇ ಪುಟಕ್ಕೆ ನಿದ್ದೆ ಹೋಗುತ್ತಿದ್ದೆ.

ನಮ್ಮ ಯೂನಿಟ್ ಚೀಫ್ ಮೇಡಂ ಮಾತ್ರ ಜೇಬಿನಲ್ಲೊಂದು ಸಣ್ಣ ಪುಸ್ತಕ ಇಟ್ಟುಕೊಳ್ಳಲು ಹೇಳಿದರು. ಗೊತ್ತಿಲ್ಲದ್ದನ್ನು ಅಲ್ಲೇ, ಮಂಚದ ಪಕ್ಕದಲ್ಲೇ ಬರೆಯಬೇಕು. ಸೋಡಿಯಂ 112ಕ್ಕೆ ಇಳಿದಿದ್ದ ಅಜ್ಜಿಯೊಬ್ಬರನ್ನು ನೋಡಿ ನಾನು "ಹೈಪೊನೆಟ್ರೀಮಿಯಾ ಓದಬೇಕು" ಎಂದು ಗೀಚಿದ್ದೆ; ರಕ್ತದಲ್ಲಿ ಸೋಡಿಯಂ ಇಳಿಯುವುದಕ್ಕೆ ಆ ಹೆಸರು. ಮೇಡಂ ನಾನು ಬರೆದದ್ದನ್ನು ಹೊಡೆದುಹಾಕಿದರು. "ಇದು ಪ್ರಶ್ನೆಯಲ್ಲಪ್ಪಾ, ಪಾಠದ ಹೆಸರು." ಮೂರು ಸಲ ತಿದ್ದಿದ ಮೇಲೆ ಹೀಗಾಯಿತು: ಎಷ್ಟು ದಿನದಿಂದ ಇಳಿದಿದೆಯೋ ತಿಳಿಯದ, ಊಟವಿಲ್ಲದೆ ಸೊರಗಿದ ಈ ರೋಗಿಗೆ ಮೊದಲ 24 ಗಂಟೆಯಲ್ಲಿ ಸೋಡಿಯಂ ಎಷ್ಟರವರೆಗೆ ಏರಿಸಬಹುದು? ಉತ್ತರ ಹುಡುಕಲು ಇಪ್ಪತ್ತು ನಿಮಿಷ ಸಾಕಾಯಿತು. ಏರಿಕೆ ಲೀಟರಿಗೆ 8 ಮಿಲಿಮೋಲ್ ದಾಟಬಾರದು. ಅವಸರಪಟ್ಟರೆ ಮೆದುಳಿನ ನರಗಳ ಹೊದಿಕೆಯೇ ಹಾಳಾಗುತ್ತದೆ. ಆ ಅಂಕಿ ಇವತ್ತಿಗೂ ಮರೆತಿಲ್ಲ.

ಆ ಇಪ್ಪತ್ತು ನಿಮಿಷ ನನ್ನ ಫೋನ್ ಮೇಡಂ ಕೈಲಿತ್ತು. ವಾರ್ಡಿನ ಕರೆಗಳಿಗೆ ಅವರೇ ಉತ್ತರಿಸಿದರು. ತಾನಾಗಿ ಕಲಿಯುವುದೆಂದರೆ ಬಿಡುವಿನ ಸಮಯದಲ್ಲಿ ಕಲಿಯುವುದು ಅಂತ ನಂಬಿದವರು ರಾತ್ರಿ ಡ್ಯೂಟಿ ಮಾಡಿರಲಾರರು!

ಇನ್ನೊಂದು ಅಭ್ಯಾಸ ನನ್ನ ಜಂಭ ಇಳಿಸಿತು. ರಿಪೋರ್ಟ್ ಬರುವ ಮೊದಲೇ ನಮ್ಮ ಡಯಾಗ್ನೋಸಿಸ್ ಬರೆದು, ಪಕ್ಕದಲ್ಲಿ ನೂರಕ್ಕೆ ಎಷ್ಟು ಖಾತ್ರಿ ಎಂದೂ ಬರೆಯಬೇಕು. ಒಬ್ಬ ರೋಗಿಯ ಹೃದಯದ ತುದಿಯಲ್ಲಿ ಮರ್ಮರ್ (ಬಡಿತದ ಜೊತೆಗಿನ ಅಸಹಜ ಸದ್ದು) ಕೇಳಿ, ಮೈಟ್ರಲ್ ಕವಾಟ ಸೋರುತ್ತಿದೆ, ಖಾತ್ರಿ 90 ಎಂದು ಬರೆದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್‌ನಲ್ಲಿ) ಕಂಡದ್ದು ಕಿರಿದಾದ ಅಯೋರ್ಟಿಕ್ ಕವಾಟ. ಅದರ ಸದ್ದು ತುದಿಯವರೆಗೂ ಹರಿದು ಹೀಗೆ ಮೋಸ ಮಾಡುವುದುಂಟು. ಮೇಡಂ ಬೈಯಲಿಲ್ಲ, ಆ 90ರ ಸುತ್ತ ಒಂದು ಸುತ್ತು ಹಾಕಿದರು, ಅಷ್ಟೇ. ತಿಂಗಳ ಕೊನೆಗೆ ಎಣಿಸಿದರೆ, ಅಳುಕುತ್ತಲೇ 60 ಹಾಕಿದವುಗಳಲ್ಲೇ ನಾನು ಹೆಚ್ಚು ಸರಿಯಿದ್ದೆ.

ಮೂರನೇ ವರ್ಷದ ಕೊನೆಗೆ ಪುಸ್ತಕ ತೋರಿಸಿದೆ. ಉತ್ತರವಿದ್ದ ಪುಟಗಳನ್ನು ಸರಸರನೆ ಮಗುಚಿ, ಖಾಲಿ ಉಳಿದಿದ್ದ ಒಂದು ಪ್ರಶ್ನೆಯ ಮುಂದೆ ನಿಂತರು. "ಇದು ನನಗೂ ಗೊತ್ತಿಲ್ವಲ್ಲ" ಎನ್ನುತ್ತಾ ತಮ್ಮ ಪುಸ್ತಕ ತೆಗೆದು, ನನ್ನ ಪೆನ್ನು ಕೇಳಿದರು.