ಕುಚ್ಚಲು ಬೇರೆ, ಬೆಳ್ತಿಗೆ ಬೇರೆ

ನಮ್ಮ ಲೆಕ್ಕದ ಮಾಸ್ಟ್ರು ಈ ಮಾರ್ಚಿನಲ್ಲಿ ತೀರಿಕೊಂಡರು. ಸುದ್ದಿ ಬಂದ ರಾತ್ರಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬೀಜಗಣಿತದ ಒಂದು ಸೂತ್ರವನ್ನೂ ಯಾರೂ ನೆನೆಯಲಿಲ್ಲ. ಎಲ್ಲರಿಗೂ ನೆನಪಾದದ್ದು ಸ್ಟಾಫ್ ರೂಮಿನ ಹಿಂದಿನ ಕತ್ತಲೆ ಕೋಣೆ, ಅಲ್ಲಿ ತೂಗುತ್ತಿದ್ದ ತಕ್ಕಡಿ, ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ತಗಡಿನ ಡಬ್ಬಿಗಳು ಮತ್ತು ಅಕ್ಕಿಯ ವಾಸನೆ. ಇಗರ್ಜಿಯ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರೂ ನಮ್ಮ ಶಾಲೆಯೂ ಕೂಡಿ ನಡೆಸುತ್ತಿದ್ದ ಬಡವರ ನೆರವಿನ ಕೆಲಸಕ್ಕೆ ಆ ಕೋಣೆಯೇ ಉಗ್ರಾಣ. ಬೀಗದ ಕೈ ಸಿಸ್ಟರ್ ಹತ್ತಿರ, ಪುಸ್ತಕ ಮಾಸ್ಟ್ರ ಹತ್ತಿರ. ಬೀಗ ತೆಗೆಯುವವರೇ ಲೆಕ್ಕ ಬರೆಯಬಾರದು ಎಂಬುದು ಇಬ್ಬರೂ ಮಾತಾಡಿ ಮಾಡಿಕೊಂಡಿದ್ದ ನಿಯಮ. ಮಾಸ್ಟ್ರು ಕ್ರೈಸ್ತರಲ್ಲ. ಆದರೆ ಇಪ್ಪತ್ತು ವರ್ಷ ಆ ಪುಸ್ತಕದಲ್ಲಿ ಒಂದು ಕಿಲೋದ ವ್ಯತ್ಯಾಸ ಬಾರದಂತೆ ನೋಡಿಕೊಂಡವರು ಅವರೇ.

ಆ ಉಗ್ರಾಣ ತುಂಬುತ್ತಿದ್ದ ಹಿಡಿ ಅಕ್ಕಿಯ ಕ್ರಮ ಸರಳ. ಮನೆಯಲ್ಲಿ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ಶುಕ್ರವಾರ ಅದನ್ನು ಶಾಲೆಗೆ ತರುವುದು. ದೊಡ್ಡವರ ಒಂದು ಹಿಡಿ 40ರಿಂದ 50 ಗ್ರಾಂ ತೂಗುತ್ತದೆ. ವಾರಕ್ಕೆ ಆರು ಹಿಡಿಯಾದರೆ ಕಾಲು ಕಿಲೋಗೆ ಮೋಸವಿಲ್ಲ, 40 ಮಕ್ಕಳ ತರಗತಿಯಿಂದ 10 ಕಿಲೋ. ಗಂಜಿಯನ್ನೇ ನಂಬಿದ ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಬೇಕು. ಅಂದರೆ ಒಂದು ತರಗತಿ ಒಂದು ಮನೆಯನ್ನು ಹೆಚ್ಚುಕಡಿಮೆ ಒಂದು ವಾರ ಸಾಕುತ್ತದೆ. ಈ ಭಾಗಾಕಾರವನ್ನು ಮಾಸ್ಟ್ರು ಬೋರ್ಡಿನಲ್ಲಿ ಹಾಕಿ ತೋರಿಸಿದ್ದರು. ಎಂಟು ಮಂದಿ ಮರೆತು ಬಂದರೆ ಆ ಮನೆಯಲ್ಲಿ ಎಷ್ಟು ಹೊತ್ತಿನ ಒಲೆ ಉರಿಯುವುದಿಲ್ಲ ಎಂದು ಮುಂದಿನ ಲೆಕ್ಕ. ಉತ್ತರ ಬಂದ ಮೇಲೆ ತರಗತಿ ಮೌನವಾಗುತ್ತಿತ್ತು.

ಕಷ್ಟವಿದ್ದದ್ದು ವಿಂಗಡಣೆಯಲ್ಲಿ. ನಮ್ಮ ಕಡೆ ಕೆಲವು ಮನೆಗಳಿಂದ ಭತ್ತ ಬೇಯಿಸಿ ಮಾಡಿದ ಕುಚ್ಚಲಕ್ಕಿ, ಕೆಲವು ಮನೆಗಳಿಂದ ಬೇಯಿಸದ ಬಿಳಿ ಅಕ್ಕಿಯಾದ ಬೆಳ್ತಿಗೆ ಬರುತ್ತದೆ. ಪ್ರತಿ ಪೊಟ್ಟಣ ಬಿಚ್ಚಿ, ಮೂಸಿ, ಹುಳ ಇದೆಯೇ ನೋಡಿ, ಎರಡು ಚೀಲಕ್ಕೆ ಬೇರೆ ಬೇರೆ ಸುರಿಯಬೇಕು. ಒಂಬತ್ತನೆಯ ತರಗತಿಯ ನಾಲ್ವರ ಪಾಳಿಯ ದಿನ ಮೈದಾನದಲ್ಲಿ ಕಬಡ್ಡಿ ಪಂದ್ಯ. ನಾಲ್ವರೂ ಸೇರಿ ಎಲ್ಲ ಪೊಟ್ಟಣವನ್ನು ಒಂದೇ ಚೀಲಕ್ಕೆ ಸುರಿದು, ಕಾಣುವಂತೆ ಮೇಲೆ ಎರಡು ಹಿಡಿ ಕುಚ್ಚಲು ಹರಡಿ, ಬಾಯಿ ಕಟ್ಟಿ ಓಡಿದರು. ಸೋಮವಾರ ತೂಕಕ್ಕೆ ಚೀಲ ಬಿಚ್ಚಿದಾಗ ಸಂಗತಿ ಹೊರಬಿತ್ತು. ಮಾಸ್ಟ್ರು ಬೆತ್ತ ಮುಟ್ಟಲಿಲ್ಲ. ಆ ಅಕ್ಕಿಯಿಂದ ನಾಲ್ಕು ಪಾವು ತೆಗೆದು ಶಾಲೆಯ ಅಡುಗೆ ಕೋಣೆಯಲ್ಲಿ ಒಲೆಗೆ ಇಡಿಸಿದರು. ಬೆಳ್ತಿಗೆ ಕಾಲು ಗಂಟೆಯಲ್ಲಿ ಬೇಯುತ್ತದೆ, ಕುಚ್ಚಲಿಗೆ ಸೌದೆ ಒಲೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು. ಕುಚ್ಚಲು ಬೇಯಲೆಂದು ಕಾದರೆ ಬೆಳ್ತಿಗೆ ಕರಗಿ ತಳ ಹಿಡಿಯುತ್ತದೆ, ಬೇಗ ತೆಳಿ ಬಸಿದರೆ ಕುಚ್ಚಲಿನ ಕಾಳು ಹಲ್ಲಿಗೆ ಕಲ್ಲು. ನಾಲ್ವರನ್ನೂ ಕೂರಿಸಿ ಬಡಿಸಿ, "ಊಟ ಮಾಡಿ ಮಕ್ಕಳೇ. ಸೌದೆ ಸಾಲದ ಮನೆಗೆ ನೀವು ಕಳಿಸ್ಲಿಕ್ಕೆ ಹೊರಟದ್ದು ಇದನ್ನೇ" ಎಂದರು. ಉಳಿದ ಅಕ್ಕಿ ಹಾಳಾಗಲಿಲ್ಲ. ಬೆರೆತ ಅಕ್ಕಿ ಅನ್ನಕ್ಕಾಗದಿದ್ದರೂ ನೆನೆಸಿ ರುಬ್ಬಿದರೆ ದೋಸೆಗೆ ಚೆನ್ನಾಗಿಯೇ ಆಗುತ್ತದೆ. ಸಿಸ್ಟರ್ ಅದನ್ನು ಕಾನ್ವೆಂಟಿನ ಅಡುಗೆ ಮನೆಗೆ ತೆಗೆದುಕೊಂಡು, ಅಷ್ಟೇ ತೂಕದ ಕುಚ್ಚಲು ಅಳೆದು ಕೊಟ್ಟರು. ಪುಸ್ತಕದಲ್ಲಿ ಮಾಸ್ಟ್ರು ಅದನ್ನು 'ಬದಲಾವಣೆ' ಎಂದು ಬರೆದರು, ಯಾರ ಹೆಸರೂ ಇಲ್ಲ.

ಹೆಸರು ಬರೆಯದಿರುವುದು ವಿನ್ಸೆಂಟ್ ಸಭೆಯ ಹಳೆಯ ಪದ್ಧತಿಯೂ ಹೌದು. 1833ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಆರಂಭಿಸಿದ ಫ್ರೆಡರಿಕ್ ಓಝಾನಾಂ ಆಗ 20 ವರ್ಷದ ವಿದ್ಯಾರ್ಥಿ. 1997ರಲ್ಲಿ ಚರ್ಚ್ ಅವರನ್ನು ಪುನೀತರೆಂದು ಸಾರಿತು. ಸಭೆಯವರು ಮನೆಭೇಟಿಗೆ ಇಬ್ಬಿಬ್ಬರಾಗಿ ಹೋಗುತ್ತಾರೆ, ಒಬ್ಬೊಬ್ಬರೇ ಹೋಗುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಕಣ್ಣು ಮನೆಯಲ್ಲಿರುತ್ತದೆ: ಒಲೆಯಲ್ಲಿ ಬೂದಿ ಹೊಸತೋ ಹಳತೋ, ಮಾಡು ಸೋರುವುದು ಎಲ್ಲಿ, ಔಷಧದ ಚೀಟಿ ಯಾವ ತಿಂಗಳದ್ದು. ಮನೆಯವರ ಜಾತಿ ಮತ ಕೇಳುವುದಿಲ್ಲ. ಕೂಟದ ಕೊನೆಗೆ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ, ಎಲ್ಲರೂ ಮುಷ್ಟಿ ಮುಚ್ಚಿಯೇ ಕೈ ಒಳಗೆ ಹಾಕುತ್ತಾರೆ. ನೂರು ಹಾಕಿದವರು ಯಾರು, ಬರಿಗೈ ಹಾಕಿದವರು ಯಾರು, ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಶಾಲೆಯಲ್ಲಿ ಇದೇ ನಿಯಮವನ್ನು ಕಾಪಾಡುವುದು ಹೆಚ್ಚು ಕಷ್ಟ, ಏಕೆಂದರೆ ಪಡೆಯುವ ಮನೆಯ ಹುಡುಗಿ ಅದೇ ಬೆಂಚಿನಲ್ಲಿ ಕೂತಿರುತ್ತಾಳೆ. ಮಾಸ್ಟ್ರು ಕಂಡುಕೊಂಡಿದ್ದ ಉಪಾಯ ಹೀಗೆ. ಸಹಪಾಠಿಯ ಮನೆಗೆ ಸಹಪಾಠಿ ಹೋಗಬಾರದು. ಸಾಮಾನು ಕೊಡಲು ಯೂನಿಫಾರ್ಮಿನಲ್ಲಿ ಹೋಗಬಾರದು. ಜೂನ್ ತಿಂಗಳ ಮೊದಲ ವಾರ ತರಗತಿಯ ಎಲ್ಲರ ಪುಸ್ತಕಕ್ಕೂ ಒಂದೇ ಕಂದು ಕಾಗದದ ಬೈಂಡು. ಅಂಗಡಿಯಿಂದ ಕೊಂಡದ್ದು, ಕೋಣೆಯಿಂದ ಬಂದದ್ದು, ಎರಡೂ ಒಂದೇ ರೀತಿ ಕಾಣಬೇಕು. ಸಂಜೆ ಕೂತು ಬೈಂಡು ಹಾಕುವಾಗ ಅವರೂ ಕತ್ತರಿ ಹಿಡಿದು ಕೂರುತ್ತಿದ್ದರು. ಕಾಗದವನ್ನು ಪುಸ್ತಕದ ಮೂರೂ ಬದಿ ಎರಡು ಬೆರಳು ಬಿಟ್ಟು ಕತ್ತರಿಸಬೇಕು, ಬೆನ್ನಿನ ಮೇಲೆ ಕೆಳಗೆ ಓರೆ ಕಚ್ಚು ಹಾಕಿ ಒಳಗೆ ಮಡಚಬೇಕು, ಇಲ್ಲದಿದ್ದರೆ ಮಳೆಗಾಲದ ಚೀಲದಲ್ಲಿ ಒಂದೇ ವಾರಕ್ಕೆ ಕಿತ್ತುಬರುತ್ತದೆ.

"ಕೊಡುವವರ ಕೈ ಬಿಚ್ಚುವುದು ಡಿಸೆಂಬರಿನಲ್ಲಿ, ಹೊಟ್ಟೆಗೆ ಕಷ್ಟ ಬರುವುದು ಆಟಿಯಲ್ಲಿ." ಮಾಸ್ಟ್ರ ಈ ಮಾತನ್ನು ಈಗಿನ ಸಂಘಟಕರು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಕ್ರಿಸ್ಮಸ್ಸಿಗೆ ಕೇಕು, ಹೊಸಬಟ್ಟೆ, ಅಕ್ಕಿ ಎಲ್ಲ ಒಟ್ಟಿಗೆ ಬಂದು ಕೋಣೆ ತುಂಬುತ್ತದೆ. ಆಗ ಅಡಿಕೆ ಕೊಯ್ಲು, ಕೂಲಿಗೆ ಬರವಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಕಥೆಯೇ ಬೇರೆ. ಕೆಂಪುಕಲ್ಲು ಕಡಿಯುವ ಪಣೆಯಲ್ಲಿ ನೀರು ನಿಂತಿರುತ್ತದೆ, ಗೇರುಬೀಜ ಮೇ ತಿಂಗಳಿಗೇ ಮುಗಿದಿರುತ್ತದೆ, ಅಡಿಕೆ ತೋಟಕ್ಕೆ ಮದ್ದು ಬಿಡುವವರಿಗೂ ಮಳೆ ಬಿಟ್ಟ ದಿನವಷ್ಟೇ ಕೆಲಸ. ಬೀಡಿ ಕಟ್ಟುವ ಹೆಂಗಸರಿಗೆ ಎಲೆಯ ತೇವವೇ ಶತ್ರು. ಬೂಸ್ಟು ಹಿಡಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಡಿಸೆಂಬರಿನಲ್ಲಿ ಬಂದ ಅಕ್ಕಿಯನ್ನು ಆಗಲೇ ಹಂಚಿ ಮುಗಿಸಿ, ಹಣವನ್ನು ಮಾತ್ರ ಮುಟ್ಟದೆ ಆಟಿಗೆ ಇಡುತ್ತಿದ್ದರು. ಅಕ್ಕಿ ಇಟ್ಟರೆ ಹುಳ, ಹಣ ಇಟ್ಟರೆ ಅಕ್ಕಿ. ಮಳೆಗಾಲದಲ್ಲಿ ಡಬ್ಬಿ ನೆಲ ಮುಟ್ಟಬಾರದು, ಗೋಡೆಗೂ ತಾಗಬಾರದು, ಎರಡು ವಾರಕ್ಕಿಂತ ಹೆಚ್ಚು ಯಾವುದನ್ನೂ ಕೂಡಿಡಬಾರದು. ಜೂನ್ ಎರಡನೆಯ ವಾರ ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರಿಂದ ಕಷ್ಟದ ಮನೆಗಳ ಪಟ್ಟಿ ಬರುತ್ತಿತ್ತು, ಸೆಪ್ಟೆಂಬರ್ 8ರ ತೆನೆ ಹಬ್ಬದ ತನಕ ಆ ಮನೆಗಳಿಗೆ ಸಾಮಾನಿನ ಕಟ್ಟು ಹೋಗುತ್ತಿತ್ತು.

ಒಂದು ವಾರದ ಕಟ್ಟು ಇಷ್ಟು: ಕುಚ್ಚಲಕ್ಕಿ 10 ಕಿಲೋ, ಹೆಸರುಕಾಳು 1 ಕಿಲೋ, ಉಪ್ಪು 1 ಕಿಲೋ, ತೆಂಗಿನೆಣ್ಣೆ ಅರ್ಧ ಲೀಟರ್, ಬೆಲ್ಲ ಅರ್ಧ ಕಿಲೋ, ಒಣಮೆಣಸು 100 ಗ್ರಾಂ, ಚಾಹುಡಿ 100 ಗ್ರಾಂ, ಬಟ್ಟೆ ಸಾಬೂನು ಒಂದು, ಮೈ ಸಾಬೂನು ಒಂದು. ಸಾಬೂನನ್ನು ಪ್ರತ್ಯೇಕ ಪೊಟ್ಟಣದಲ್ಲಿ ಹೊರಗಡೆ ಕಟ್ಟಬೇಕು, ಒಳಗೆ ಇಟ್ಟರೆ ಚಾಹುಡಿಯೂ ಅಕ್ಕಿಯೂ ಅದರ ಪರಿಮಳ ಹೀರಿಕೊಳ್ಳುತ್ತವೆ, ಮಕ್ಕಳು ಗಂಜಿ ಉಣ್ಣುವುದಿಲ್ಲ. ಎಲ್ಲ ಸೇರಿ 13 ಕಿಲೋ ದಾಟುತ್ತದೆ. ಬಸ್ಸಿಳಿದು ಗುಡ್ಡ ಹತ್ತಬೇಕಾದ ಮನೆಗೆ ಎರಡು ಚೀಲ ಮಾಡಬೇಕು. ಹಳೆಬಟ್ಟೆಯ ವಿಷಯದಲ್ಲಿ ಸಿಸ್ಟರ್ ತುಂಬ ಕಟ್ಟುನಿಟ್ಟು. ಒಗೆದು ಇಸ್ತ್ರಿ ಹಾಕಿರಬೇಕು, ಗುಂಡಿ ಎಲ್ಲ ಇರಬೇಕು, ಒಳಉಡುಪು ಬೇಡವೇ ಬೇಡ. "ನಿನ್ನ ತಂಗಿಗೆ ಹಾಕ್ತೀಯಾ?" ಎಂದು ಕೇಳುತ್ತಿದ್ದರು. ತಡವರಿಸಿದರೆ ಆ ಬಟ್ಟೆ ನೆಲ ಒರೆಸಲು.

ಆಮೇಲೆ ಅಕ್ಕಿಯಿಂದ ತೀರದ ಕಷ್ಟವೂ ಪಟ್ಟಿಗೆ ಸೇರಿತು. 1976ರಿಂದ 2000ದ ತನಕ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಕೇರಳದ ಈ ಕಾಸರಗೋಡು ಜಿಲ್ಲೆಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಕಡೆ ಹಾಸಿಗೆ ಬಿಟ್ಟು ಏಳದ ಮಕ್ಕಳ ಮನೆಗಳಿಗೆ ಹೋಗಿ ಬಂದ ಮೇಲೆ ಮಾಸ್ಟ್ರು ಪುಸ್ತಕದಲ್ಲಿ ಹೊಸ ಕಾಲಂ ತೆರೆದರು, 'ಗಂಟೆ' ಎಂದು. ಆ ತಾಯಂದಿರಿಗೆ ಬೇಕಾದದ್ದು ಮಗುವಿನ ಹತ್ತಿರ ಎರಡು ಗಂಟೆ ಕೂರುವ ಒಬ್ಬರು. ಅಷ್ಟಿದ್ದರೆ ಅವರು ರೇಷನ್ ಅಂಗಡಿಗೆ ಹೋಗಿ ಬರಬಹುದು, ತಲೆಗೆ ನೀರು ಹಾಕಿಕೊಳ್ಳಬಹುದು, ನಿದ್ದೆ ಮಾಡಬಹುದು. ಕೂರುವವರಿಗೂ ಪಾಠವಿತ್ತು. ಮಗುವನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಮಲಗಿಸಿ ಗಂಜಿ ಕುಡಿಸಬಾರದು, ತಲೆ ಎತ್ತಿ ಹಿಡಿಯಬೇಕು, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಫಿಟ್ಸಿನ ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತರಬೇಕು, ಏಕಾಏಕಿ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ 'ಗಂಟೆ' ಕಾಲಮಿನ ಎಷ್ಟೋ ಸಾಲುಗಳು ನಿಂತುಹೋಗಿದ್ದವು.

ಇನ್ನೊಂದು ಕೆಲಸ ಕಾಗದದ್ದು. ಕನ್ನಡ ಮಾತ್ರ ಓದಬಲ್ಲ ಅಕ್ಕಂದಿರ ಕೈಗೆ ಮಲಯಾಳದ ಅರ್ಜಿ ಸಿಕ್ಕರೆ ಅಲ್ಲಿಗೇ ಅರ್ಧ ಸೋಲು. ಹೆಸರು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಪಾಸ್ ಪುಸ್ತಕದಲ್ಲಿ ಇನ್ನೊಂದು ಆಗಿರುತ್ತದೆ, ಪಿಂಚಣಿ ಅರ್ಜಿ ತಿರುಗಿ ಬರುತ್ತದೆ. ಹೀಗಾದಾಗ ಮೂರೂ ಹೆಸರು ಒಬ್ಬರದೇ ಎಂದು ವಿಲೇಜ್ ಆಫೀಸಿನಿಂದ 'ವನ್ ಆಂಡ್ ಸೇಮ್' ಪ್ರಮಾಣಪತ್ರ ಪಡೆಯಬೇಕು, ಸರಕಾರಿ ಅರ್ಜಿಗಳ ಅಕ್ಷಯ ಕೇಂದ್ರದಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ಭಾನುವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಒಂದು ಮೇಜು, ಎರಡು ಭಾಷೆ ಬಲ್ಲ ಒಬ್ಬರು, ಇಷ್ಟಿದ್ದರೆ ಸಾಕು. ಅತಿ ಬಡವರಿಗೆ ಕೊಡುವ ಹಳದಿ ರೇಷನ್ ಕಾರ್ಡು ಇರುವ ಮನೆಗೆ ಈಗ ತಿಂಗಳಿಗೆ 35 ಕಿಲೋ ಧಾನ್ಯ ಬರುತ್ತದೆ. ಅರ್ಹತೆ ಇದ್ದೂ ಆದ್ಯತೆ ಇಲ್ಲದವರ ಬಿಳಿ ಕಾರ್ಡಿನಲ್ಲಿ ಸಿಕ್ಕಿಬಿದ್ದ ಮನೆಗೆ ಹತ್ತು ಕಟ್ಟು ಕೊಡುವುದಕ್ಕಿಂತ ಆ ಕಾರ್ಡಿನ ಬಣ್ಣ ಬದಲಾಗುವಂತೆ ಮಾಡುವುದು ದೊಡ್ಡ ಉಪಕಾರ.

ಈಗಲೂ ಶಾಲೆಗಳಲ್ಲಿ ಸೇವೆ ಇದೆ, ನಮ್ಮ ಕಾಲಕ್ಕಿಂತ ಹೆಚ್ಚೇ ಇದೆ. ಆದರೆ ಸೇವೆಗೆ ಗ್ರೇಸ್ ಮಾರ್ಕು ಬಂದ ಮೇಲೆ ಚೀಲಕ್ಕಿಂತ ಮೊದಲು ಬ್ಯಾನರ್ ತಯಾರಾಗುತ್ತದೆ. ಕೊಡುವಾಗ ಫೋಟೋ, ಪಡೆಯುವವರ ಮುಖ ಸ್ಪಷ್ಟ ಕಾಣುವ ಹಾಗೆ. ಆ ಫೋಟೋ ಆ ಮನೆಯ ಮಗಳ ಸಹಪಾಠಿಗಳ ಫೋನಿಗೂ ಹೋಗುತ್ತದೆ ಎಂಬುದನ್ನು ಅಧ್ಯಾಪಕ ಬಂಧುಗಳು ದಯವಿಟ್ಟು ಯೋಚಿಸಬೇಕು. ನಮ್ಮ ಬ್ಯಾಚಿನವರಲ್ಲಿ ಹಲವರು ಇಂದು ಬೇರೆ ಬೇರೆ ಊರುಗಳಲ್ಲಿ ಇಂಥ ಸಂಘಗಳ ಖಜಾಂಚಿಗಳು. ಅವರ ಪುಸ್ತಕಗಳನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ಮಾಸ್ಟ್ರ ಮಕ್ಕಳು ಎಂದು ಗೊತ್ತಾಗುತ್ತದೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇವೆ.

ಈ ವರ್ಷದಿಂದ ಆಟಿಯ ಕಟ್ಟನ್ನು ಹಳೆ ವಿದ್ಯಾರ್ಥಿಗಳು ವಹಿಸಿಕೊಂಡಿದ್ದೇವೆ. ಜೂನ್ 10ರೊಳಗೆ ಪಟ್ಟಿ ಮುಗಿಯಬೇಕು, ತೂಕ ಶುಕ್ರವಾರ ಸಂಜೆ ಅದೇ ಕೋಣೆಯಲ್ಲಿ. ಅಕ್ಕಿ ತರುವವರು ಕುಚ್ಚಲು, ಬೆಳ್ತಿಗೆ ಬೇರೆ ಬೇರೆ ಚೀಲದಲ್ಲಿ ತನ್ನಿ. ಚೀಲದ ಮೇಲೆ ಹೆಸರು ಬರೆಯಬೇಡಿ.